ಸ್ವಂತ ಓಡಾಟಕ್ಕೆ

ದರ್ಜಿ ಬಾಗಿಲು ತೆಗೆದು ಕಾರಿನಲ್ಲಿ ಕೂತ. ಮುಂದಕ್ಕೆ ಕೈ ಚಾಚಿದ. ಅಲ್ಲಿ ಸ್ಟೀರಿಂಗೇ ಇರಲಿಲ್ಲ.

"ಅದು ಈ ಕಡೆ ಇದೆ, ಮಹಾರಾಯ," ಎಂದ ಸುಂಕದ ಅಧಿಕಾರಿ. "ಪರದೇಶದ ಕಾರು. ಈ ಕಡೆ ಬಂದು ಕೂತ್ಕೊ. ಒಂದು ಸುತ್ತು ಹಾಕಿ ತೋರ್ಸು."

ದರ್ಜಿ ಇಳಿದ. ಈ ಕಡೆ ಮಾತ್ರ ಬರಲಿಲ್ಲ. "ನಂಗೆ ಓಡ್ಸೋಕೆ ಬರಲ್ಲ ಸಾರ್."

ಬಂದರಿನ ಅಂಗಳದಲ್ಲಿ ನಿಂತಿದ್ದ ಆ ವಿದ್ಯುತ್ ಕಾರು ಹಳೆಯದು. ಬಂಪರು ಒಡೆದಿತ್ತು, ಟೈರುಗಳು ಸವೆದಿದ್ದವು. ಇಂಥದ್ದಕ್ಕಾಗಿ ದರ್ಜಿ ಅಂಗಡಿಯನ್ನೂ ಹೊಲಿಗೆ ಯಂತ್ರಗಳನ್ನೂ ಮಾರಿಕೊಂಡಿದ್ದ. ಬಳಸಿದ ಕಾರು ತರಿಸುವುದಕ್ಕೆ ನಿಯಮ ಒಂದೇ: ಸ್ವಂತ ಓಡಾಟಕ್ಕೆ ಮಾತ್ರ. ಓಡಿಸಲು ಬಾರದವನಿಗೆ ಎಂಥ ಓಡಾಟ, ಮಣ್ಣು! ಹಿಂದೊಮ್ಮೆ ಇಂಥದೇ ಬಡಪಾಯಿಯ ಹೆಸರಿನಲ್ಲಿ ಯಾವುದೋ ದೊಡ್ಡ ಕುಳ ಕಾರು ತರಿಸಿತ್ತು. ಅದನ್ನು ಬಿಟ್ಟುಕೊಟ್ಟ ತಪ್ಪಿಗೆ ಈ ಅಧಿಕಾರಿ ಅಮಾನತಾಗಿದ್ದ. ಇನ್ನೊಮ್ಮೆ ಎಡವಿದರೆ ಕೆಲಸಕ್ಕೇ ಸಂಚಕಾರ.

ದರ್ಜಿಯನ್ನು ಕೋಣೆಗೆ ಕರೆದೊಯ್ದು ಕೂರಿಸಿದ.

"ನಿಜ ಹೇಳು. ಯಾರಿಗೋಸ್ಕರ ತರ್ಸಿದ್ದು?"

"ನಮ್ಮನೆಗೇ ಸಾರ್. ಬೇಗ ಬಿಟ್ಟುಕೊಡಿ, ನಿಮ್ಮ ದಮ್ಮಯ್ಯ."

"ಪೆಟ್ರೋಲ್ ಕಾರು ಇಲ್ಲೇ ಸಸ್ತಾ ಸಿಗ್ತಿತ್ತಲ್ಲ?"

"ನಮ್ಮನೇಲಿ ಹೊಗೆ ಆಗಿಬರಲ್ಲ ಸಾರ್."

ಅಧಿಕಾರಿ ಗಹಗಹಿಸಿ ನಕ್ಕ. "ಅಬ್ಬಬ್ಬಾ! ಲೋಕದ ಗಾಳಿ ಚೊಕ್ಕಟ ಮಾಡೋಕೆ ಹೊರಟ್ಯಾ? ದಿನಾ ಕರೆಂಟ್ ಕೈಕೊಡೋ ಊರಲ್ಲಿ ಇದನ್ನ ಹೇಗಪ್ಪಾ ಚಾರ್ಜ್ ಮಾಡ್ತೀಯ?"

"ಕರೆಂಟ್ ಬಂದಾಗ ತುಂಬಿಸ್ಕೋತೀನಿ. ಬ್ಯಾಟರಿ ಚೆನ್ನಾಗಿದೆ ತಾನೆ? ಟೈರು ಇಲ್ದಿದ್ರೂ ಪರವಾಗಿಲ್ಲ."

ಕೇಳಿದಿರಾ? ಟೈರು ಬೇಡವಂತೆ! ಅಧಿಕಾರಿ ಕಿಟಕಿಯಾಚೆ ಬೆರಳು ತೋರಿಸಿದ. ಅಂಗಳದ ಮೂಲೆಯಲ್ಲಿ ಜಪ್ತಿ ಮಾಡಿದ ಬ್ಯಾಟರಿಗಳ ರಾಶಿಯಿತ್ತು.

"ಬಳಸಿದ ಕಾರು ಬರಬಹುದು, ಬಳಸಿದ ಬ್ಯಾಟರಿ ಬರೋ ಹಾಗಿಲ್ಲ. ಸರ್ಕಾರಕ್ಕೆ ಅದು ಕಸ. ನೀನು ಬ್ಯಾಟರಿಗೋಸ್ಕರ ಕಾರು ತರ್ಸಿದೀಯ ಅಂತ ಗೊತ್ತಾಗ್ಲಿ, ಇದನ್ನೂ ಪುಡಿ ಮಾಡಿಸ್ತೀನಿ."

ದರ್ಜಿಯ ಮುಖ ಬಿಳಿಚಿತು. ಏನೋ ಹೇಳಲು ತೆರೆದ ಬಾಯಿ ಮುಚ್ಚಿಕೊಂಡಿತು. "ಓಡ್ಸೋಕೇ ಸಾರ್," ಎಂದ ಕೊನೆಗೆ. "ದೇವರಾಣೆಗೂ ಓಡ್ಸೋಕೇ."

ಅಷ್ಟರಲ್ಲಿ ಕರೆಂಟು ಹೋಗಿ ತಲೆಯ ಮೇಲಿನ ಫ್ಯಾನು ನಿಂತಿತು. ದರ್ಜಿ ದಡಬಡಿಸಿ ಎದ್ದ. "ಏಯ್, ನಿಲ್ಲಯ್ಯ!" ಎಂದು ಅಧಿಕಾರಿ ಕೂಗುತ್ತಿದ್ದರೂ ಚಪ್ಪಲಿ ಅಲ್ಲೇ ಬಿಟ್ಟು ಬೀದಿಗೆ ಓಡಿಬಿಟ್ಟ.

ಕರೆಂಟು ಹೋದ ಗಡಿಬಿಡಿಯಲ್ಲಿ ತಪ್ಪಿಸಿಕೊಳ್ಳುವವನು ಕಳ್ಳನಲ್ಲದೆ ಇನ್ನೇನು? ಅಧಿಕಾರಿಗೆ ಅನುಮಾನವೇ ಉಳಿಯಲಿಲ್ಲ.

ಮರುದಿನ ದರ್ಜಿ ಮತ್ತೆ ಹಾಜರು. ಕಣ್ಣು ಕೆಂಪಗಿತ್ತು, ಬಲಗೈ ಬೆರಳುಗಳು ಊದಿದ್ದವು. ಹೊಲಿಗೆ ಬಿಟ್ಟವನಿಗೆ ಕೈಗೆ ಅಂಥ ಕೆಲಸವೇನೋ! ಬಂದವನೇ ಕಾಲು ಹಿಡಿಯಲು ಬಾಗಿದ.

"ಇದೆಲ್ಲ ಬೇಡ," ಎಂದ ಅಧಿಕಾರಿ. "ಡ್ರೈವಿಂಗ್ ಕಲಿತು ಬಾ. ನನ್ನೆದುರಿಗೆ ಓಡ್ಸು. ಕಾರು ನಿಂದು." ಬಾಡಿಗೆಗೆ ಹೆಸರು ಕೊಟ್ಟವನು ಇಷ್ಟು ಪಾಡು ಪಡುವುದಿಲ್ಲ, ತಾನೇ ಜಾರಿಕೊಳ್ಳುತ್ತಾನೆ ಎಂಬುದು ಅವನ ಎಣಿಕೆ.

"ದಿನಾ ಅಷ್ಟು ಹೊತ್ತು ಮನೆ ಬಿಟ್ಟಿರೋಕಾಗಲ್ಲ ಸಾರ್. ಪಕ್ಕದ ಮನೆ ಅಜ್ಜೀನ ಎಷ್ಟು ದಿನ ಅಂತ ಕೂರಿಸ್ಲಿ?"

"ಯಾಕೆ, ಮನೇಲಿ ನಿಧಿ ಇಟ್ಟಿದೀಯಾ?"

ದರ್ಜಿ ಹೊರಟುಹೋದ.

ಅವನು ಮತ್ತೆ ಬಂದಾಗ ಕೆಲವು ವಾರಗಳು ಕಳೆದಿದ್ದವು. ಕೀಲಿಕೈ ಕೇಳಿ ಪಡೆದು, ಕಾರು ಹತ್ತಿ, ಅಂಗಳದಲ್ಲಿ ಒಂದು ಸುತ್ತು ನಾಜೂಕಾಗಿ ಹಾಕಿ ನಿಲ್ಲಿಸಿದ. ಅಧಿಕಾರಿಗೆ ನಾಚಿಕೆಯೇ ಆಯಿತು.

"ಭಲೆ! ನಾನೇ ನಿನ್ನನ್ನ ತಪ್ಪು ತಿಳ್ಕೊಂಡೆ ಕಣಯ್ಯ. ತಗೊಂಡು ಹೋಗು."

ದರ್ಜಿ ಕೀಲಿಕೈಯನ್ನು ಅವನ ಅಂಗೈಗೆ ಹಾಕಿದ. "ಬೇಡ ಸಾರ್. ಓಡ್ಸು ಅಂದಿದ್ರಿ, ಓಡ್ಸಿದೆ."

"ಅಯ್ಯೋ, ಯಾಕಯ್ಯ? ಏನಾಯ್ತು?"

"ಇದರಿಂದ ಮನೆಯೊಳಕ್ಕೆ ತಂತಿ ಎಳೀಬೇಕು ಅಂತಿದ್ದೆ ಸಾರ್, ನನ್ನ ಹೆಂಡತಿಯ ಉಸಿರಿನ ಯಂತ್ರಕ್ಕೆ. ಕರೆಂಟ್ ಹೋದಾಗೆಲ್ಲ ನಾನೇ ಕೈಯಲ್ಲಿ ಚೀಲ ಒತ್ತಿ ಗಾಳಿ ಕೊಡ್ತಿದ್ದೆ. ಮೊನ್ನೆ ಕರೆಂಟ್ ಹೋದಾಗ ನಾನು ಡ್ರೈವಿಂಗ್ ಕಲೀತಿದ್ದೆ."