ಶಿಲ್ಲಾಂಗಿಗೆ ಹಳದಿ ಉಲ್ಲನ್

“ಮಗು ಎಷ್ಟು ದೊಡ್ಡದು?” ಎಂದು ಕುಮಟೆಯ ಉಲ್ಲನ್ ಅಂಗಡಿಯವ ಕೇಳಿದ್ದೇ ತಡ, ದುರ್ಗಮ್ಮ ಗೋಡೆ ನೋಡತೊಡಗಿದಳು. ಹೊನ್ನಾವರದ ಮೀನುಪೇಟೆಯಲ್ಲಿ ಮಾತಿಗೆ ಮಾತು ಕೊಡದೆ ಬುಟ್ಟಿ ಎತ್ತಿದವಳಲ್ಲ. ಆದರೆ ಇವ ಕೇಳಿದ್ದು ಸ್ವಂತ ಮೊಮ್ಮಗನ ಅಳತೆ. ಅವನಿಗೆ ಮೂರು ವರ್ಷ ಎಂಬುದಷ್ಟೇ ಗೊತ್ತು. ಅವಳು ಅವನನ್ನು ಒಮ್ಮೆಯೂ ನೋಡಿರಲಿಲ್ಲ.

ಪುಣ್ಯಕ್ಕೆ ಜೊತೆಯಲ್ಲಿ ಪಾವ್ಲಿಬಾಯಿ ಇದ್ದರು, ಹುಡುಗನ ಇನ್ನೊಬ್ಬ ಅಜ್ಜಿ. “ನನ್ನ ಸೊಂಟದ ತನಕ ಬರ್ತ,” ಎಂದು ಕೈ ಇಟ್ಟು ತೋರಿಸಿದರು. ದುರ್ಗಮ್ಮ ಮೆಲ್ಲಗೆ ಅವರ ಪಕ್ಕಕ್ಕೆ ಸರಿದು, ಆ ಎತ್ತರ ತನ್ನ ಮೈಗೆ ಎಲ್ಲಿ ಬರುತ್ತದೆಂದು ನೋಡಿ, ಅಲ್ಲಿ ಸೀರೆಯ ಮೇಲೆ ಅಂಗೈ ಇಟ್ಟುಕೊಂಡಳು. ತೆಗೆಯಲು ಮನಸ್ಸು ಬರಲಿಲ್ಲ.

ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಹೊಲಿಗೆ, ಹೆಣಿಗೆ ಕಲಿಯಲು ಹೋದ ಮಗಳು ಕಮಲಿ, ಕ್ರಿಶ್ಚಿಯನ್ನರ ಪಾವ್ಲಿಬಾಯಿಯ ಮಗ ಇನಾಸನ ಕೈ ಹಿಡಿದಿದ್ದಳು. ಮಿಲಿಟರಿಯಲ್ಲಿ ಅಡುಗೆ ಕೆಲಸದ ಇನಾಸ ಅವಳನ್ನು ಶಿಲ್ಲಾಂಗಿನ ಚಳಿಗೆ ಕರೆದೊಯ್ದ. ದುರ್ಗಮ್ಮನ ಗಂಡ ಮಾಸ್ತಿ ಅಂದಿನಿಂದ ಮಗಳ ಹೆಸರೆತ್ತಿಲ್ಲ, ಎತ್ತಿದವರನ್ನು ಸುಮ್ಮನೆ ಬಿಟ್ಟಿಲ್ಲ. ಹೋದ ಮೇ ತಿಂಗಳಲ್ಲಿ ಕಮಲಿ ಗಂಡ, ಮಗುವಿನೊಂದಿಗೆ ಅತ್ತೆಯ ಮನೆಗೆ ಬರುವ ಸುದ್ದಿ ಸಿಕ್ಕಿದ್ದೇ, ಹೆಂಡತಿಯನ್ನು ಭಟ್ಕಳದ ತನ್ನ ತಂಗಿಯ ಮನೆಗೆ ಹೊರಡಿಸಿಕೊಂಡು ಹೋಗಿ, ಅವರು ಮರಳುವ ತನಕ ಅಲ್ಲೇ ಕೂರಿಸಿದ್ದ. ಹದಿನೈದು ದಿನ ಮೊಮ್ಮಗ ಅವಳ ಮನೆಯಿಂದ ಎರಡು ಫರ್ಲಾಂಗು ದೂರದ ಅಂಗಳದಲ್ಲಿ ಆಡಿದ. ಅಜ್ಜಿ ಭಟ್ಕಳದಲ್ಲಿ ನಾದಿನಿಯ ಅಕ್ಕಿ ಆರಿಸಿದಳು.

ಇವತ್ತು ಉಲ್ಲನ್ ಕೊಳ್ಳಲೂ ಧಾರೇಶ್ವರನಿಗೆ ಹಣ್ಣುಕಾಯಿ ಮಾಡಿಸುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ ಬಂದಿದ್ದಳು. ಬಸ್ಸು ಧಾರೇಶ್ವರದಲ್ಲಿ ನಿಂತಾಗ ಕಿಟಕಿಯಿಂದಲೇ ಕೈಮುಗಿದು ತಪ್ಪು ಒಪ್ಪಿಕೊಂಡಳು. ಅವನೂ ಹೆಂಡತಿ ಮಕ್ಕಳಿರುವ ದೇವರು, ಅರ್ಥವಾಗದೇ ಇರದು.

“ಕ್ರಿಸ್ಮಸ್ಸಿಗೆ ಕೆಂಪೇ ಚೆಂದ,” ಎಂದು ಪಾವ್ಲಿಬಾಯಿ ಒಂದು ಲಡಿ ಉಲ್ಲನ್ ಎತ್ತಿದರು.

“ಬಾಯಿ, ಅವ ಯಾರ ಹಾಂಗೆ?” ಮೊಮ್ಮಗನ ಬಗ್ಗೆ ಕೇಳಿದಳು ದುರ್ಗಮ್ಮ.

“ಮೋರೆ ಇನಾಸಂದು. ಬಣ್ಣ ಮಾತ್ರ ನಿಂದೇ ದುರ್ಗಮ್ಮ, ಚೂರೂ ಆಚೀಚೆ ಇಲ್ಲ.”

ದುರ್ಗಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ, ಲಡಿಗಳನ್ನು ಒಂದೊಂದಾಗಿ ತನ್ನ ಮುಂಗೈ ಮೇಲಿಟ್ಟು ನೋಡತೊಡಗಿದಳು. ಕೆಂಪು ಒಪ್ಪಲಿಲ್ಲ. ಬೂದು ಇಟ್ಟರೆ ಜ್ವರ ಬಿಟ್ಟೆದ್ದವಳ ಕೈಯಂತೆ ಕಂಡಿತು. ಹಳದಿ ಇಟ್ಟಾಗ ಕೈಗೆ ಕಳೆ ಬಂತು.

“ಸ್ವೆಟರು ನಿಂಗಾ, ಮಗುವಿಗಾ?” ಅಂಗಡಿಯವ ನಕ್ಕ.

“ಎರಡೂ ಒಂದೇ ಅಂದ್ಕಳಿ ಒಡೇರೆ, ಕಟ್ಟಿ ಕೊಡಿ.”

ಬಸ್‌ಸ್ಟ್ಯಾಂಡಿನಲ್ಲಿ ಪಾವ್ಲಿಬಾಯಿ ಎಚ್ಚರಿಸಿದರು: “ಹತ್ತನೇ ತಾರೀಕಿಗೆ ಸಿಹಿ ನೆವ್ರಿ, ಚಕ್ಕುಲಿ ಡಬ್ಬಿ ಪಾರ್ಸಲ್ ಮಾಡ್ತೆ. ಅದರೊಟ್ಟಿಗೆ ಹಾಕ್ವ. ತಡ ಮಾಡಬೇಡ, ಹಬ್ಬಕ್ಕೆ ಮುಟ್ಟಬೇಕು.”

ಮಾಸ್ತಿ ಕಡಲಿಗೆ ಹೋದಾಗ, ಹಿಂದೆ ಕಮಲಿಯಿಂದ ಕಲಿತ ಹಾಗೆ ಹೆಣೆಯುವುದು, ಬರುವ ಹೊತ್ತಿಗೆ ಅಕ್ಕಿ ಡಬ್ಬಿಯಲ್ಲಿ ಹುಗಿಸುವುದು. ಹೀಗೆ ಎದೆ, ಬೆನ್ನು ಎರಡೂ ಆದವು. ತೋಳಿಗೆ ಬಂದಾಗ ಕಡ್ಡಿ ನಿಂತಿತು. ಎತ್ತರ ಕೇಳಿಕೊಂಡವಳು ತೋಳಿನ ಉದ್ದ ಕೇಳಲು ಮರೆತಿದ್ದಳು! ನೆರೆಮನೆಯ ಸುಕ್ರಿಯ ಮಗನನ್ನು ಹಿಡಿದು ತಂದು ಅಳತೆ ನೋಡಿದಳು. ಕರಾವಳಿಯ ಸೆಕೆಯಲ್ಲಿ ಉಲ್ಲನ್ ಮೈಗೆ ತಾಗಿದ್ದೇ ಅವನು ಊರು ಒಂದಾಗುವಂತೆ ಕಿರುಚಿ ಓಡಿಹೋದ. ಅಂದಾಜಿನಲ್ಲಿ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ನೋಡದ ಕೂಸಿಗೆ ಅಂಗಿ ಹೆಣೆಯುವ ಕರ್ಮ ಯಾವ ಅಜ್ಜಿಗೂ ಬೇಡಪ್ಪಾ ಅನ್ನಿಸಿ ಅಳು ಬಂತು.

ಒಂಬತ್ತನೇ ತಾರೀಕಿನ ಮಧ್ಯಾಹ್ನ ಮೂರನೆಯ ಸಲ ಬಿಚ್ಚಿ ಹೆಣೆದು ಮುಗಿಸುತ್ತಿದ್ದಾಗ ಬಾಗಿಲು ಕತ್ತಲಾಯಿತು. ಹೆಗಲ ಮೇಲೆ ಹರಿದ ಬಲೆ ಹೊತ್ತು ಮಾಸ್ತಿ ನಿಂತಿದ್ದ. ಹುಗಿಸಲು ಸಮಯವಿರಲಿಲ್ಲ. ದುರ್ಗಮ್ಮ ಸ್ವೆಟರನ್ನು ಎದೆಗವಚಿಕೊಂಡಳು. ಇನ್ನು ಇದು ಒಲೆಗೇ ಎಂದುಕೊಂಡಳು.

ಮಾಸ್ತಿ ಬಲೆ ಇಳಿಸಿದ. ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಅವಳ ಕೈಯಿಂದ ಹಳದಿ ತೋಳನ್ನು ಬಿಡಿಸಿಕೊಂಡು, ಬಲೆಯ ಕಣ್ಣು ಅಳೆಯುವ ಹಾಗೆ ಬೆರಳು ಹಚ್ಚಿ ನೋಡಿದ.

“ಗಿಡ್ಡ ಆತು,” ಎಂದ. “ತೋಳು ಒಂದು ಗೇಣು, ಮೇಲೆ ನಾಕು ಬೆರಳು ಬೇಕು.”

ದುರ್ಗಮ್ಮನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. “ಅಂದಾಜಿಗೆ ಹೇಳಬೇಡಿ. ನಾಳೆ ಪಾರ್ಸಲ್ ಹೋಗ್ತದೆ.”

“ಅಂದಾಜಲ್ಲ.” ಮಾಸ್ತಿ ತಲೆ ಎತ್ತಲಿಲ್ಲ. “ಮೇ ತಿಂಗಳಲ್ಲಿ ಭಟ್ಕಳದಿಂದ ಒಂದಿನ ಬಲೆ ತರೂಕೆ ಬಂದಿದ್ನಲ್ಲ, ಆವತ್ತು ಇನಾಸ ಅವನ್ನ ಬಂದರಕ್ಕೆ ಕರ್ಕಂಡು ಬಂದಿದ್ದ. ನಾ ಕೈ ಹಿಡಿದು ನೋಡಿದೆ.”

ಬೆರಳು ಮೆತ್ತಗಿತ್ತಾ, ಹೆದರಿದನಾ, ಅಜ್ಜ ಅಂದನಾ ಎಂದು ನೂರು ಪ್ರಶ್ನೆ ಅವಳ ತಲೆಗೆ ಒಟ್ಟೊಟ್ಟಿಗೆ ನುಗ್ಗಿದವು. ಮಾಸ್ತಿ ಗೇಣು ಬಿಚ್ಚಿ ಹಳದಿ ತೋಳಿನ ಮೇಲಿಟ್ಟು, ಅವಳು ಗುರುತು ಹಾಕಿಕೊಳ್ಳಲೆಂದು ಕಾಯುತ್ತಿದ್ದ.

“ನೀವೊಬ್ಬರೇ ನೋಡಿ ಬಂದ್ರಾ?” ಎಂದಳು ದುರ್ಗಮ್ಮ.