ಒಲೆಯ ಪಕ್ಕ ಬಿಳಿ ಬಣ್ಣ

ಪೇಂಟರ್ ಮುಷರಫ ಬಣ್ಣಗಳ ಕಾರ್ಡು ಬಿಚ್ಚಿ ಅಡುಗೆಮನೆಯ ಹೊಸ ಕಪಾಟಿನ ಬಾಗಿಲಿಗೆ ಹಿಡಿದ. ಹಣಮೇಶ ಸರಿಯಾಗಿ ನೋಡದೆಯೇ "ಚಾಕ್ಲೇಟ್ ಬಣ್ಣ" ಎಂದ. ಅವನ ಹೆಂಡತಿ ಪರಿಮಳಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಕಾರ್ಡಿನ ತುದಿಯಲ್ಲಿದ್ದ ಬಿಳಿಯ ಮೇಲೆ ಬೆರಳಿಟ್ಟಳು.

"ಇದು."

ಮುಷರಫ ನಕ್ಕುಬಿಟ್ಟ. "ವೈನಿ, ಬಾಜೂಕ ಒಲಿ ಅದ. ಎಂಟು ದಿನದಾಗ ಈ ಬಾಗಿಲು ಹಂಚಿನ ಬುಡ ಆಗ್ತದ ನೋಡ್ರಿ."

"ಕೇಳಿದಿ?" ಎಂದ ಹಣಮೇಶ. "ಬಣ್ಣ ಹಚ್ಚಾಂವನ ಹೇಳಾಕತ್ತಾನ."

ಒಲೆ ಮೂಲೆಯಲ್ಲಿತ್ತು, ಮಣ್ಣಿನಲ್ಲಿ ಕಟ್ಟಿದ್ದು. ಮನೆಯಲ್ಲಿ ಗ್ಯಾಸು ಇರಲಿಲ್ಲವೆಂದಲ್ಲ, ಅದು ಚಹಾಕ್ಕೆ ಮಾತ್ರ. ಜೋಳದ ರೊಟ್ಟಿ ಒಲೆಯ ಮೇಲೆಯೇ ಆಗಬೇಕು. ಗೋಗಿ ಊರಿನಲ್ಲಿ ಹೊಲ ಇದ್ದವರ ಹಿತ್ತಲಲ್ಲಿ ತೊಗರಿಕಟ್ಟಿಗೆಯ ಒಟ್ಟಿಲು ಇದ್ದೇ ಇರುತ್ತದೆ. ಪುಕ್ಕಟೆ ಉರುವಲು ಬಿಟ್ಟು ಗ್ಯಾಸು ಸುಡುವವರು ಯಾರು? ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತ ಪರಿಮಳಾಗೆ ಕೆಮ್ಮು ಹತ್ತಿದರೆ, ಮಕ್ಕಳು ಶಾಲೆಗೆ ಹೋದ ಮೇಲೂ ಅದು ಬಿಡುತ್ತಿರಲಿಲ್ಲ. ಹೊಗೆಯಿಂದ ದೂರ ಇರಬೇಕೆಂದು ಶಹಾಪುರದ ಡಾಕ್ಟರು ಹೇಳಿ ಕಳಿಸಿದ್ದರು. ಹಿತ್ತಲ ತಗಡಿನ ಚಪ್ಪರದ ಕೆಳಗೆ ಒಲೆ ಹೂಡೋಣ ಎಂದು ಅವಳು ಅಂದಾಗಲೆಲ್ಲ ಹಣಮೇಶನದು ಒಂದೇ ಮಾತು: "ಅದು ಅವ್ವನ ಒಲಿ. ಆಕಿ ಒಪ್ಪಂಗಿಲ್ಲ."

ಈಗಲೂ ಅವನು ಆ ಮಾತಿಗೇ ಬಂದ. "ಮನ್ಯಾಗ ಹಿರೇರದಾರ, ಅವರನ್ನ ಕೇಳೂಣು," ಎಂದವನು, ಗೆದ್ದಂತೆಯೇ ಎಂದು ಪಡಸಾಲೆಯ ಕಡೆ ತಿರುಗಿ ಕೂಗಿದ. "ಅವ್ವಾ, ಬಾ ಇಲ್ಲಿ! ನಿನ್ನ ಸೊಸಿ ಒಲಿ ಬಾಜೂಕ ಬಿಳಿ ಬಣ್ಣ ಹಚ್ಚಸ್ತಾಳಂತ."

ರೇಣಮ್ಮ ಗೋಡೆ ಹಿಡಿದುಕೊಂಡು ಬಂದಳು. ಬೇವಿನ ಹಲಗೆಯ ಬಾಗಿಲನ್ನು ಅಂಗೈಯಿಂದ ಸವರಿದಳು. ಒಲೆಯನ್ನು ನೋಡಿದಳು. ಒಲೆಯ ಮೇಲಿನ ಕರಿಗಟ್ಟಿದ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಬಿಳೀದು ಹಚ್ಚಪ್ಪ," ಎಂದಳು ಮುಷರಫನಿಗೆ.

"ಅವ್ವಾ, ಒಲಿ ಅದಲ್ಲ ಇಲ್ಲಿ!"

"ಅದಕ್ಕೇನು ಬೇರು ಬಿಟ್ಟಾವೇನು? ಕಿತ್ತು ಹಿತ್ತಲಕ್ಕ ಹಾಕು."

"ನಿನಗ ಒಲಿ ಮ್ಯಾಲಿನ ರೊಟ್ಟಿನ ಬೇಕಲ್ಲ?"

"ರೊಟ್ಟಿ ಬೇಕು. ಹೊಗಿ ಬೇಕಂತ ಯಾವಾಗ ಅಂದೀನಿ?"

"ಮತ್ತ ಇಷ್ಟು ವರ್ಷ ಸುಮ್ನ ಯಾಕ ಇದ್ದಿ?"

"ನೀ ಯಾವಾಗ ಕೇಳಿದಿ? ನನ್ನ ಹೆಸರ ಹೇಳಿ ನೀನ ಮಾತಾಡ್ತಿದ್ದಿ. ಇವತ್ತ ಕೇಳಿದಿ, ಹೇಳೀನಿ."

ಮುಷರಫ ಕಾರ್ಡು ಮಡಚುವ ನೆಪದಲ್ಲಿ ಆ ಕಡೆ ತಿರುಗಿದ. ಪರಿಮಳಾ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಹಣಮೇಶ ಸೋಲು ಒಪ್ಪುವ ಆಳಲ್ಲ. "ಹಚ್ಚು, ಹಚ್ಚು. ಆದ್ರ ಒಲಿ ಮಾತ್ರ ಇಲ್ಲಿಂದ ಅಲುಗಂಗಿಲ್ಲ. ನಾಳಿ ಕರ್ರಗಾದ್ರ ಅತ್ತಿ-ಸೊಸಿ ಇಬ್ರೂ ನನ್ನ ಮುಂದ ಅಳಬ್ಯಾಡ್ರಿ."

ಬಣ್ಣ ಒಣಗುವವರೆಗೆ ಅಡುಗೆಯೆಲ್ಲ ಗ್ಯಾಸಿನ ಮೇಲೆ ಸಾಗಿತು. ಎರಡನೇ ಕೋಟು ಒಣಗಿದ ದಿನ ಕಿಟಕಿಯ ಬಿಸಿಲು ಬಾಗಿಲುಗಳ ಮೇಲೆ ಬಿದ್ದು ಇಡೀ ಅಡುಗೆಮನೆ ಬೆಳಗಿತು. ಹಣಮೇಶ ಎದುರು ಮನೆಯವರನ್ನು ಕರೆದು ತೋರಿಸಿದ. ಆಮೇಲೆ ಆಟೋ ಓಡಿಸುವ ವಿಶ್ವರಾಧ್ಯನನ್ನು, ಕೊನೆಗೆ ಹಾಲು ಹಾಕಲು ಬಂದವನನ್ನೂ. "ಸುರಪುರದಾಗ ನಮ್ಮ ಷಡ್ಡಕನ ಮನ್ಯಾಗೂ ಇಂಥಾದ್ದಿಲ್ಲ. ಬಣ್ಣ ನಾನ ಆರಿಸೀನಿ. ಏ, ದೂರಿಂದ ನೋಡ್ರಿ, ಮುಟ್ಟಬ್ಯಾಡ್ರಿ!"

ಪರಿಮಳಾ ಎಲ್ಲವನ್ನೂ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಒಂದು ತೆಕ್ಕೆ ತೊಗರಿಕಟ್ಟಿಗೆ ತಂದು ಒಲೆಯ ಮುಂದೆ ಕುಳಿತಳು. ಒಂದೊಂದೇ ಕಡ್ಡಿಯನ್ನು ಲಟಲಟನೆ, ಅಂಗಳಕ್ಕೆ ಕೇಳುವಂತೆ ಮುರಿದಳು. ಬೆಂಕಿಕಡ್ಡಿ ಗೀರಿದಳು.

"ಏ, ಏ! ತಡಿ!" ಹಣಮೇಶ ಹಲ್ಲುಜ್ಜುತ್ತಿದ್ದವನು ಬ್ರಷ್ಷು ಹಿಡಿದುಕೊಂಡೇ ಓಡಿಬಂದ. "ತಲಿ ಅದ ಏನು ನಿನಗ? ಬಾಗಿಲೆಲ್ಲಾ ಕರ್ರಗ ಆಗ್ತಾವಲ್ಲ!"

"ನಾ ಏನು ಮಾಡ್ಲಿ ಹೇಳ್ರಿ? ಒಲಿ ಅಲುಗಂಗಿಲ್ಲ ಅಂದಾವ್ರು ನೀವ."

ಅವಳ ಕೈಯಲ್ಲಿ ಉರಿಯುತ್ತಿದ್ದ ಕಡ್ಡಿಯನ್ನು ಅವನು ನೊರೆಬಾಯಿಯಲ್ಲೇ ಊದಿ ಆರಿಸಿದ. ಬಾಗಿಲು ನೋಡಿದ, ಒಲೆ ನೋಡಿದ. ಬಾಯಿ ಮುಕ್ಕಳಿಸಿ ಬಂದು, ತನ್ನ ಹೊಸ ಟವೆಲ್ಲನ್ನು ಬಾಗಿಲಿಗೆ ಧೂಳು ತಾಗದಂತೆ ಇಳಿಬಿಟ್ಟ. ಆಮೇಲೆ ಹಾರೆ ಎತ್ತಿದ. ಒಲೆ ಬೇರು ಬಿಟ್ಟಿರಲಿಲ್ಲ. ನಾಲ್ಕೇ ಪೆಟ್ಟಿಗೆ ಎದ್ದು ಬಂತು.

ಅಂದು ಚಪ್ಪರದ ಕೆಳಗೆ ಮೂರು ಕಲ್ಲು ಹೂಡಿ ಪರಿಮಳಾ ರೊಟ್ಟಿ ಬಡಿದಳು. ಹೊಗೆ ತನ್ನ ಪಾಡಿಗೆ ತಾನು ಬಯಲಿನ ದಾರಿ ಹಿಡಿಯಿತು. ಪಕ್ಕದಲ್ಲಿ ಕುಳಿತು ಬಿಸಿ ರೊಟ್ಟಿ ಮುರಿಯುತ್ತಿದ್ದ ರೇಣಮ್ಮ, ಒಳಗೆ ಒದ್ದೆ ಬಟ್ಟೆಯಿಂದ ಬಾಗಿಲು ಒರೆಸುತ್ತಿದ್ದ ಮಗನ ಕಡೆ ಕತ್ತು ಹೊರಳಿಸಿ ಸೊಸೆಗೆ ಮೆಲ್ಲಗೆ ಹೇಳಿದಳು:

"ಇಷ್ಟು ವರ್ಷ ನೀ ಕೆಮ್ಮಿದ್ದು ಅವನ ಕಿವಿಗಿ ಬೀಳ್ಲಿಲ್ಲ. ಬಾಗಿಲು ಇನ್ನಾ ಒಮ್ಮೆನೂ ಕೆಮ್ಮಿಲ್ಲ, ಅವಗ ಕೇಳಿಬಿಡ್ತು ನೋಡವ್ವ."