ಶೇಕಡಾ ನಲವತ್ತೊಂದು

ಕಂಪ್ಯೂಟರ್ ಪರದೆಯ ಮೇಲೆ ಅಂಕಿ ಕೆಂಪಗೆ ಮೂಡಿತು. ನಲವತ್ತೊಂದು.

ಗ್ರಂಥಪಾಲಕಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ನಲವತ್ತೊಂದೇ. ಗೆಳತಿಯ ಹೊಸ ಪುಸ್ತಕದಲ್ಲಿ ನೂರಕ್ಕೆ ನಲವತ್ತೊಂದು ಪಾಲು ಬೇರೆ ಬರಹದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ ಎಂದು ಯಂತ್ರ ಹೇಳುತ್ತಿತ್ತು. ಗ್ರಂಥಪಾಲಕಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ವಿಶ್ವವಿದ್ಯಾಲಯದ ಕಲೆ ಮತ್ತು ಮಾನವಿಕ ವಿಭಾಗದ ಗ್ರಂಥಾಲಯ ಇವಳ ಸುಪರ್ದಿನಲ್ಲಿತ್ತು. ಪುಸ್ತಕ ತರಿಸುವುದು, ವಿಂಗಡಿಸುವುದು, ದಾರಿ ತಪ್ಪಿದ ಸಂಶೋಧಕರನ್ನು ಸರಿಯಾದ ಕಪಾಟಿನ ಮುಂದೆ ತಂದು ನಿಲ್ಲಿಸುವುದು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಈಚೆಗೆ ಇನ್ನೊಂದು ಸೇರಿಕೊಂಡಿತ್ತು. ವಿಶ್ವವಿದ್ಯಾಲಯ ಅಚ್ಚು ಹಾಕಿಸುವ ಪ್ರತಿ ಪುಸ್ತಕವನ್ನೂ ಮೊದಲು ಯಂತ್ರಕ್ಕೆ ಕೊಟ್ಟು, ಕದ್ದ ಮಾಲೇನಾದರೂ ಇದೆಯೇ ಎಂದು ನೋಡಿ, ಪ್ರಕಟಣಾ ಸಮಿತಿಗೆ ವರದಿ ಕಳಿಸಬೇಕು. ನಕಲು ಸಾಬೀತಾದರೆ ಪದವಿ ರದ್ದು, ಕೆಲಸವೂ ಹೋಯಿತು. ಎಷ್ಟೇ ಹಳೆಯ ನಕಲಾದರೂ ವಿನಾಯಿತಿ ಇಲ್ಲ. ಆ ನಿಯಮದ ಕರಡು ಬರೆದುಕೊಟ್ಟವಳೂ ಇವಳೇ.

ಬೆಳಿಗ್ಗೆ ಗೆಳತಿ ಮೇಜಿನ ತನಕ ಬಂದಿದ್ದಳು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು, ಈಗ ಕಲಾ ಇತಿಹಾಸದ ಪ್ರೊಫೆಸರ್.

"ಹಳೇ ಪ್ರಬಂಧಗಳನ್ನೆಲ್ಲ ಯಂತ್ರಕ್ಕೆ ಹಾಕಿಬಿಟ್ಟಿದ್ದೀಯಂತೆ?"

"ಎರಡು ಸಾವಿರ. ಹೋದ ತಿಂಗಳು ಮುಗೀತು. ಒಂದನ್ನೂ ಬಿಟ್ಟಿಲ್ಲ."

ಗೆಳತಿ ಕುರ್ಚಿ ಎಳೆದು ಹತ್ತಿರ ಕೂತಳು. "ನನ್ನ ಪುಸ್ತಕ ನೀನೇ ನೋಡು ಕಣೇ. ಬೇರೆಯವರ ಕೈಗೆ ಕೊಡಬೇಡ. ವರದಿ ಬಂದ್ರೆ ಕೊನೇ ಪುಟದವರೆಗೂ ಓದು. ಕಳಿಸೋದೋ ಬೇಡ್ವೋ, ಆಮೇಲೆ ಇಬ್ರೂ ಕೂತು ಮಾತಾಡೋಣ."

"ಯಾಕೆ, ಹೆದರಿಕೆನಾ?"

"ಹೂಂ, ಹೆದರಿಕೆನೇ," ಎಂದು ಇವಳ ಕೈ ಒತ್ತಿ ಹೋಗಿದ್ದಳು.

ಆ ಕೈ ಒತ್ತುವುದು ಬೇರೆ. ಮೂವತ್ತು ವರ್ಷದಿಂದ ಇವಳಿಗೆ ಉರಿಯುತ್ತಿದ್ದದ್ದು ಅದೇ. ಮೊದಲ ರ‍್ಯಾಂಕು ಅವಳಿಗೆ. ಮೇಷ್ಟ್ರ ಮೆಚ್ಚುಗೆ ಅವಳಿಗೆ. ಇವಳು ಹಾಸ್ಟೆಲಿನಲ್ಲಿ ಜ್ವರ ಬಂದು ಎರಡು ತಿಂಗಳು ಮಲಗಿದಾಗ, ಶಾಲು ಹೊದಿಸಿ, ಕಿಟಕಿ ಮುಚ್ಚಿ, 'ಬೇಜಾರಾದ್ರೆ ಓದ್ತಾ ಇರು' ಎಂದು ತನ್ನ ಟಿಪ್ಪಣಿ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟು ಹೋದವಳೂ ಅವಳೇ. ಉಪಕಾರ ಮಾಡುವುದರಲ್ಲೂ ಮೊದಲ ಸ್ಥಾನ ಬೇಕು ಮಹಾರಾಯಿತಿಗೆ. ಅರ್ಧ ದಾರಿಯಲ್ಲಿ ಸಂಶೋಧನೆಯ ವಿಷಯವನ್ನೇ ಬದಲಾಯಿಸಿ, ಹೊಸದಾಗಿ ಶುರುಮಾಡಿ, ಅದರಲ್ಲೂ ಹೊಗಳಿಸಿಕೊಂಡಳು. ಅವಳ ಪ್ರಬಂಧ ಕೈಯಿಂದ ಕೈಗೆ ಹೋಗಿ ಬೆನ್ನು ಕಿತ್ತು, ಮೂರು ಸಲ ರಟ್ಟು ಕಟ್ಟಿಸಬೇಕಾಯಿತು.

ಇವಳೂ ಪ್ರಬಂಧ ಬರೆದಿದ್ದಳು. ಜ್ವರ ಬಿಟ್ಟೆದ್ದು ಮೂರೇ ತಿಂಗಳಲ್ಲಿ ಮುಗಿಸಿದ್ದು. ಅದನ್ನು ಇವತ್ತಿನವರೆಗೆ ಒಬ್ಬರೂ ಎರವಲು ಪಡೆದಿರಲಿಲ್ಲ. ಹಳೆಯ ಪ್ರಬಂಧಗಳನ್ನು ಯಂತ್ರಕ್ಕೆ ಏರಿಸುವ ಕೆಲಸ ಬಂದಾಗ ಇವಳು ಮೊಟ್ಟಮೊದಲು ಏರಿಸಿದ್ದು ತನ್ನದನ್ನೇ. ಅಲ್ಲಾದರೂ ಯಾರಾದರೂ ಕಣ್ಣು ಹಾಯಿಸಲಿ ಎಂಬ ಆಸೆ.

ಅದೂ ಸಾಲದೆಂದು ಈಗ ಬಾಗಿಲಲ್ಲೇ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಗೆಳತಿ ಗ್ರಂಥಾಲಯಕ್ಕೆ ದಾನ ಕೊಟ್ಟ ಆ ಹಳೆಯ ಟಿಪ್ಪಣಿ ಪುಸ್ತಕ. ತೀರಿಕೊಂಡ ಮೇಷ್ಟ್ರು ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ ಷರಾ ಬರೆದು, ಸಹಿ ಮಾಡಿ, ತಾರೀಖು ಹಾಕಿದ್ದಾರೆ ಎಂದು ಬಂದವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ಗಾಜು ಒರೆಸುವ ಕೆಲಸವನ್ನು ಇವಳು ಅಟೆಂಡರನಿಗೆ ವಹಿಸಿದ್ದಳು. ತಾನಾಗಿ ಒಂದು ಸಲವೂ ಅದರತ್ತ ಇಣುಕಿರಲಿಲ್ಲ.

ಹೊಸ ಪುಸ್ತಕದ ಪುಟವನ್ನೂ ತಿರುವಿರಲಿಲ್ಲ. ಲೇಖಕಿಯ ಹೆಸರು ನೋಡಿಯೇ ಮೈ ಉರಿದಿತ್ತು. ಈಗ ನಲವತ್ತೊಂದು. ವರದಿ ಅರವತ್ತು ಪುಟದ್ದು. ಯಾರಿಂದ ಕದ್ದಳು ಎಂದು ನೋಡಲು ಕೂತರೆ ಸಂಜೆಯಾಗುತ್ತದೆ, ಅಷ್ಟರಲ್ಲಿ ಗೆಳತಿ ಬಂದು ಮತ್ತೆ ಕೈ ಒತ್ತುತ್ತಾಳೆ, ತನ್ನ ಮನಸ್ಸು ಕರಗಿದರೂ ಕರಗೀತು. ಸಮಿತಿಯ ಏಳೂ ಜನಕ್ಕೆ ಒಂದೇ ಸಲ ಕಳಿಸಿಬಿಟ್ಟಳು. ಆಮೇಲೆ ಒಂದು ಲೋಟ ನೀರು ಕುಡಿದಳು. ಮೂವತ್ತು ವರ್ಷಗಳಲ್ಲಿ ನೀರು ಇಷ್ಟು ರುಚಿಯಾಗಿದ್ದ ನೆನಪಿರಲಿಲ್ಲ.

ಮೂರು ಗಂಟೆಗೆ ಸಮಿತಿಯ ಅಧ್ಯಕ್ಷರೇ ಬಂದರು. ಕೈಯಲ್ಲಿ ಪ್ರಿಂಟ್ ತೆಗೆದ ವರದಿ. ಅವರು ಇವಳ ಮೇಜಿಗೆ ಬರದೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಇವಳೇ ಎದ್ದು ಹೋದಳು.

"ಇದರ ಬೀಗದ ಕೈ ಕೊಡ್ತೀರಾ ಮೇಡಂ?"

ದಾನವನ್ನೂ ವಾಪಸು ಕಳಿಸುತ್ತಾರೆ! ಇವಳು ಹಿಗ್ಗಿನಿಂದ ಸೊಂಟದ ಗೊಂಚಲು ಬಿಚ್ಚಿದಳು. ಬೀಗದ ಕೈ ಕೊಟ್ಟಳು.

"ಅವರು ಏನಂದ್ರು ಸರ್?"

"ಪ್ರೊಫೆಸರಾ? ಪುಸ್ತಕ ವಾಪಸ್ ತಗೊಳ್ತೀನಿ, ವಿಚಾರಣೆ ಮಾತ್ರ ಬೇಡ ಅಂದ್ರು. ಕೈ ಮುಗಿದ್ರು."

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಹಾಗೇ. ನನ್ನ ಗೆಳತಿ ಅಂತ ಬಿಡೋಕಾಗುತ್ತಾ ಸರ್, ನಿಯಮ ಇದೆಯಲ್ಲ."

"ಇದೆ." ಅಧ್ಯಕ್ಷರು ಇವಳನ್ನೇ ನೋಡಿದರು. "ನೀವು ಕೊನೇ ಪುಟ ಓದಿಲ್ಲ ಅನ್ಸುತ್ತೆ." ವರದಿಯನ್ನು ಇವಳ ಕೈಗಿಟ್ಟು ಪೆಟ್ಟಿಗೆಯ ಬೀಗ ತೆಗೆಯತೊಡಗಿದರು.

ಕೊನೆಯ ಪುಟದಲ್ಲಿ ಮೂಲ ಒಂದೇ ಇತ್ತು, ನಲವತ್ತೊಂದೂ ಅದರಿಂದಲೇ: ಯಾರೂ ಎರವಲು ಪಡೆಯದ ಇವಳದೇ ಪ್ರಬಂಧ, ಇವಳದೇ ಹೆಸರು, ಅದು ಸಲ್ಲಿಕೆಯಾದ ವರ್ಷ.

ಗಾಜಿನಡಿ ತೆರೆದಿದ್ದ ಪುಟದಲ್ಲಿ, ಗೆಳತಿಯ ಕೈಬರಹದ ಅವೇ ಸಾಲುಗಳ ಪಕ್ಕ, ಮೇಷ್ಟ್ರ ಕೆಂಪು ಶಾಯಿಯ ತಾರೀಖು ಆ ಸಲ್ಲಿಕೆಗಿಂತ ಒಂದು ವರ್ಷ ಹಳೆಯದಾಗಿತ್ತು.